ಕಾನಬೆಳ್ಳಿಗೆ ನೀರು

ಕಗ್ಗದಾಸಪುರದ ರೈಲ್ವೆ ಗೇಟು ದಾಟಿ ಒಳಗೆ ಹೋದರೆ, ಒಂದು ಅಡ್ಡರಸ್ತೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಮಣ್ಣಿನ ಕುಂಡವಿತ್ತು. ಅದರಲ್ಲಿ ಮಣ್ಣಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಆ ಬರಿ ಮಣ್ಣಿಗೆ ಕಿಟ್ಟು ದಿನಾ ಬೆಳಿಗ್ಗೆ, ತಾನು ಕಾಫಿ ಕುಡಿಯುವುದಕ್ಕೂ ಮುಂಚೆ, ಒಂದು ಲೋಟ ನೀರು ಹಾಕುತ್ತಿದ್ದ. ಅದೂ ನಲ್ಲಿಯ ನೀರಲ್ಲ. ಬೋರ್‌ವೆಲ್ ನೀರು ಗಡಸು, ಗಿಡಕ್ಕಾಗದು ಎಂದು ಫಿಲ್ಟರಿನಿಂದ ಹಿಡಿದ, ಮನುಷ್ಯರು ಕುಡಿಯುವ ನೀರು.

"ಅಂಕಲ್, ಖಾಲಿ ಕುಂಡಕ್ಕ ಯಾಕ್ರಿ ನೀರು ಹಾಕ್ತೀರಿ?" ಎಂದು ಎದುರು ಮನೆಯ ಪ್ರತಿಭಾ ಒಮ್ಮೆ ಕೇಳಿದ್ದಳು. ಧಾರವಾಡದ ಕಡೆಯ ಹುಡುಗಿ, ಮನಸ್ಸಿಗೆ ಬಂದದ್ದನ್ನು ಕೇಳಿಬಿಡುವವಳು.

"ಖಾಲಿ ಅಲ್ಲಮ್ಮ. ಅದು ನಾಗವೇಣಿ ಗಿಡ," ಎಂದ ಕಿಟ್ಟು.

ಅವಳು ಮತ್ತೆ ಕೇಳಲಿಲ್ಲ. ತೀರಿಕೊಂಡ ಹೆಂಡತಿಯ ಗಿಡ ಎಂದ ಮೇಲೆ ಯಾರು ತಾನೇ ಏನು ಕೇಳುತ್ತಾರೆ.

ಅರವತ್ತು ದಾಟಿದವನನ್ನು ಕಿಟ್ಟು ಎಂದು ಕರೆಯುವುದು ಅಷ್ಟು ಚೆನ್ನಲ್ಲ, ನಿಜ. ಆದರೆ ಕೃಷ್ಣಮೂರ್ತಿ ಎಂಬ ಹೆಸರು ವಿಮಾನಪುರದ ಕಾರ್ಖಾನೆಯ ಗೇಟಿನೊಳಗೆ ಮಾತ್ರ ಚಲಾವಣೆಯಲ್ಲಿತ್ತು. ಹೊರಗೆ ಅವನು ಎಲ್ಲರಿಗೂ ಕಿಟ್ಟುವೇ. ಕಾರ್ಖಾನೆಯಲ್ಲಿ ಅವನದು ಇನ್‌ಸ್ಪೆಕ್ಷನ್ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡಿಭಾಗಗಳ ಇಡೀ ತಟ್ಟೆಯನ್ನು ವಾಪಸ್ ಕಳಿಸುತ್ತಿದ್ದ ಮನುಷ್ಯ. ಅಂಥವನಿಗೆ ಸ್ವಂತ ಹೆಂಡತಿ ಬಾಲ್ಕನಿಯಲ್ಲಿ ಏನು ಬೆಳೆಸುತ್ತಿದ್ದಾಳೆ ಎಂಬುದು ನೆಟ್ಟಗೆ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಬಾಲ್ಕನಿ ಅವನ ಪಾಲಿಗೆ ಟವೆಲ್ ಒಣಹಾಕುವ ಜಾಗ, ಅಷ್ಟೇ. ಶ್ರಾವಣದಲ್ಲಿ ಒಂದು ದಿನ ನಾಗವೇಣಿ "ರೀ, ಒಂದ್ನಿಮಿಷ ಬನ್ನಿ ಇಲ್ಲಿ" ಎಂದು ಕರೆಯುತ್ತಿದ್ದಳು. ಇವನು ಕೈಯಲ್ಲಿದ್ದ ಪೇಪರನ್ನೂ ಕೆಳಗಿಡದೆ ಹೋಗಿ, ಹೂವು ನೋಡಿ, "ಚೆನ್ನಾಗಿದೆ ಕಣೇ" ಎಂದು ಹೇಳಿ ಒಳಗೆ ಬಂದುಬಿಡುತ್ತಿದ್ದ. ಉಳಿದ ತಿಂಗಳುಗಳಲ್ಲಿ ಆ ಕುಂಡ ಹಸಿರಾಗಿತ್ತೋ ಬರಿದಾಗಿತ್ತೋ, ದೇವರೇ ಬಲ್ಲ.

ಹೂವು ಚೆನ್ನಾಗಿಯೇ ಇತ್ತು. ಮೊಣಕಾಲೆತ್ತರದ ಒಂದೇ ಕಡ್ಡಿ, ಅದರ ತುದಿಗೆ ನಾಲ್ಕೈದು ಬಿಳಿ ಹೂವು. ದಳದ ಅಂಚೆಲ್ಲ ಕತ್ತರಿಯಲ್ಲಿ ಸೀಳಿಬಿಟ್ಟ ಹಾಗೆ ಎಳೆಎಳೆ. ಸಂಜೆಯಾದರೆ ತಿಳಿಯಾದ ಒಂದು ಪರಿಮಳ. ನಾಗವೇಣಿಯ ಊರಿನಲ್ಲಿ ಅದನ್ನು ಕಾನಬೆಳ್ಳಿ ಎನ್ನುತ್ತಿದ್ದರು. ಊರು ಅಂಕೋಲೆಯ ಕಡೆ, ಅಲೆಯ ಸದ್ದು ಮನೆಯೊಳಗೆ ಕೇಳುವಷ್ಟು ಸಮುದ್ರಕ್ಕೆ ಹತ್ತಿರ. ಊರಿನ ಬೆನ್ನಿಗೆ ದೇವರಕಾಡು. ಅಲ್ಲಿಯ ಮರಗಳು ಯಾರ ಅಜ್ಜನ ಕಾಲಕ್ಕೂ ಎಳೆಯವಾಗಿರಲಿಲ್ಲವಂತೆ. ಆ ಕಾಡಿನಿಂದ ಒಂದು ಒಣಕಡ್ಡಿಯನ್ನೂ ಯಾರೂ ಮನೆಗೆ ತರುವಂತಿರಲಿಲ್ಲ. ಹೂವು ನೋಡಬೇಕೆಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಣ್ತುಂಬ ನೋಡಿ, ಬರಿಗೈಯಲ್ಲಿ ವಾಪಸ್ ಬರಬೇಕು. ಚಿಕ್ಕವಳಿದ್ದಾಗ ಅದನ್ನು ಮುಡಿಯಬೇಕೆಂದು ಹಟ ಹಿಡಿದು ನಾಗವೇಣಿ ಅಪ್ಪನ ಕೈಯಲ್ಲಿ ಏಟು ತಿಂದಿದ್ದಳು.

ಆಮೇಲೆ ರಸ್ತೆ ಅಗಲ ಮಾಡುವವರು ಬಂದರು. ಒಂದೇ ಬೇಸಿಗೆಯಲ್ಲಿ ಕಾಡಿನ ಬಹುಪಾಲು ಹೋಯಿತು. ದೇವರನ್ನು ಪೂಜೆ ಮಾಡಿ, ಕ್ಷಮೆ ಕೇಳಿ, ಪಕ್ಕದ ಸಿಮೆಂಟ್ ಕಟ್ಟೆಗೆ ಸಾಗಿಸಿದರು. ಹೂವನ್ನು ಸಾಗಿಸುವ ಯೋಚನೆ ಯಾರಿಗೂ ಬರಲಿಲ್ಲ. ಜೆಸಿಬಿ ಕೆದರಿ ಹಾಕಿದ ಮಣ್ಣಿನಲ್ಲಿ ನಾಗವೇಣಿಯ ಅಣ್ಣನಿಗೆ ಒಂದೇ ಒಂದು ಗೆಡ್ಡೆ ಸಿಕ್ಕಿತು. ಅದನ್ನು ಬಾಳೆ ಎಲೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದು ತಂಗಿಯ ಕೈಯಲ್ಲಿಟ್ಟ. ಕಾಡೇ ಹೋದ ಮೇಲೆ ತಂದರೆ ತಪ್ಪೆಂಥದು ಎಂದು ಅವನ ವಾದ. ತಂಗಿಗೆ ಆ ವಾದ ಒಪ್ಪಿಗೆಯಾಗಲಿಲ್ಲ, ಗೆಡ್ಡೆಯನ್ನು ಬಿಸಾಡುವುದಕ್ಕೂ ಮನಸ್ಸು ಬರಲಿಲ್ಲ. ಕೊನೆಗೆ ಕುಂಡದಲ್ಲಿಟ್ಟಳು. ಕೊರೊನಾ ಸಮಯದಲ್ಲಿ ಅಣ್ಣನೂ ತೀರಿಕೊಂಡ. ಊರಿನಲ್ಲಿ ಉಳಿದ ಕಾಡಿನ ಚೂರಿನಲ್ಲಿ ಆಮೇಲೆ ಯಾರ ಕಣ್ಣಿಗೂ ಕಾನಬೆಳ್ಳಿ ಬಿದ್ದಿಲ್ಲ. ಆ ಮನೆಯವರ ಮಟ್ಟಿಗೆ ಅದು ಉಳಿದದ್ದು ಕಗ್ಗದಾಸಪುರದ ಈ ಬಾಲ್ಕನಿಯಲ್ಲಿ ಮಾತ್ರ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ನಾಗವೇಣಿಯ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಒಂದು ವಾರ ಪ್ರಯತ್ನ ಮಾಡಿ, ಡಾಕ್ಟರು ಕಿಟ್ಟುವನ್ನೂ ಮಗಳು ಮಧುರಾಳನ್ನೂ ಪಕ್ಕಕ್ಕೆ ಕರೆದು ಇನ್ನು ಜೊತೆಯಲ್ಲಿರಿ, ಅಷ್ಟೇ ಎಂದರು. ಬಾಯಿ ಒಣಗಿದರೆ ಒಂದೊಂದು ಚಮಚ ನೀರು ಕೊಡಬಹುದು ಎಂದೂ ಹೇಳಿದರು.

ನಾಗವೇಣಿ ಶಿವಾಜಿನಗರದ ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ಜೀವಮಾನ ಕಳೆದವಳು. ತಮಿಳು ಬಂದವರಿಗೆ ತಮಿಳು, ಉರ್ದು ಬಂದವರಿಗೆ ಉರ್ದು. ಬೆಂಗಳೂರು ಕನ್ನಡವನ್ನಂತೂ ಇಲ್ಲೇ ಹುಟ್ಟಿದವಳ ಹಾಗೆ ಆಡುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಆ ಮಾತುಗಳೆಲ್ಲ ಒಂದೊಂದಾಗಿ ಬಿಟ್ಟುಹೋದವು. ಉಳಿದದ್ದು ತವರಿನ ಮಾತು ಒಂದೇ. ಆಕ್ಸಿಜನ್ ಮಾಸ್ಕಿನ ಒಳಗಿನಿಂದ ಅವಳು ಆಡುವುದು ಮಗಳಿಗೂ ಅರ್ಧಂಬರ್ಧ ತಿಳಿಯುತ್ತಿತ್ತು.

ಡಾಕ್ಟರು ಹಾಗೆಂದ ದಿನ ಮಧ್ಯಾಹ್ನ ಕಿಟ್ಟುವಿನ ಅಕ್ಕ ಅಂಬುಜಾ ಹಲಸೂರಿನಿಂದ ಬಂದಿದ್ದಳು. ಸೆರಗಿನೊಳಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ, ಅವರ ಅಮ್ಮ ಕಾಶಿಯಿಂದ ತಂದಿಟ್ಟ ಗಂಗೆ. ಅದನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟು, ಬಾಯಿಬಿಟ್ಟು ಹೇಳದೆ, ತಮ್ಮನ ಕಡೆ ಒಂದು ಸಲ ನೋಡಿ ಹೊರಗೆ ಹೋಗಿ ಕೂತಳು. ನಾಗವೇಣಿ ಕಣ್ಣು ತೆರೆದಳು. ಗಿಂಡಿಯನ್ನು ನೋಡಿದಳೋ ಅದರಾಚೆಯ ಕಿಟಕಿಯನ್ನು ನೋಡಿದಳೋ ತಿಳಿಯದು. ಕಿಟ್ಟುವಿನ ಬೆರಳು ಹಿಡಿದುಕೊಂಡು, ಉಸಿರು ಸೇರಿಸಿ ಸೇರಿಸಿ ಹೇಳಿದಳು.

"ನೀರು ಬಿಡೂದು ಬ್ಯಾಡ. ಮಲಗಿರ್ಲಿ."

ಕಿಟ್ಟು ಗಿಂಡಿಯ ಕಡೆ ನೋಡಿದ. "ಆಯ್ತು ಕಣೇ, ಬಿಡಲ್ಲ," ಎಂದ. ಅವಳು ಬೆರಳನ್ನು ಒಂದು ಸಲ ಒತ್ತಿದಳು. ಒಂದು ಮಾತು ಸರಿಯಾದ ಕೈಗೆ ಸೇರಿತು ಎಂಬ ನೆಮ್ಮದಿ ಅವಳ ಮುಖದಲ್ಲಿ ಇವನಿಗೆ ಸ್ಪಷ್ಟವಾಗಿ ಕಂಡಿತು. ಅದೇ ಅವಳ ಕೊನೆಯ ಮಾತಾಯಿತು. ಆಮೇಲೆ ತುಟಿ ಅಲುಗಿಸಿದ್ದುಂಟು, ಮಾತು ತಿಳಿಯಲಿಲ್ಲ.

ಮಾರನೆಯ ದಿನ ನರ್ಸ್ ಚಮಚದಲ್ಲಿ ನೀರು ಹಿಡಿದುಕೊಂಡು ಬಂದಾಗ ಕಿಟ್ಟು ಬೇಡವೆಂದ. ಅದರ ಮರುದಿನ ಉಸಿರು ಎಳೆಯತೊಡಗಿದಾಗ ಅಂಬುಜಾ ಗಿಂಡಿಯ ಬೆಸುಗೆ ಒಡೆಯಲು ಹೋದಳು. ಕಿಟ್ಟು ಅವಳ ಕೈ ಹಿಡಿದುಕೊಂಡ.

"ಬೇಡ ಅಂದಿದ್ದಾಳೆ ಅಕ್ಕ. ಅವಳೇ ಬಾಯಿಬಿಟ್ಟು ಹೇಳಿದ್ದಾಳೆ."

"ಜ್ವರದ ಬಾಯಲ್ಲಿ ಏನೋ ಅಂದಿರ್ತಾಳೆ ಕಣೋ. ಬಿಡು ಕೈನ."

ಅವನು ಬಿಡಲಿಲ್ಲ. ಅಕ್ಕ ತಮ್ಮ ಹಾಗೆ ಕೈ ಕೈ ಹಿಡಿದು ನಿಂತಿರುವಾಗಲೇ ನಾಗವೇಣಿ ಹೋದಳು.

ಅವತ್ತಿನಿಂದ ಅಂಬುಜಾ ತಮ್ಮನ ಮನೆಯ ಹೊಸಿಲು ತುಳಿದವಳಲ್ಲ. ಫೋನಿನಲ್ಲಿ ಒಂದೇ ಸಲ ಬಾಯಿಬಿಟ್ಟಿದ್ದಳು: ಮುತ್ತೈದೆಯಾಗಿ ಹೋದವಳ ಬಾಯಿಗೆ ಒಂದು ತೊಟ್ಟು ಗಂಗೆ ಬೀಳದ ಹಾಗೆ ಮಾಡಿದೆ, ನಿನಗೂ ಒಂದು ದಿನ ಬಾಯಿ ಒಣಗುತ್ತೆ. ಆ ಮಾತು ಕಿಟ್ಟುವಿಗೆ ನಾಟಿತು, ಆದರೆ ಅವನು ಅಲುಗಲಿಲ್ಲ. ಅವನಿಗೆ ಒಂದು ದೊಡ್ಡ ಆಸರೆಯಿತ್ತು. ಹೆಂಡತಿಯ ಕೊನೆಯ ಮಾತನ್ನು, ಊರೆಲ್ಲ ಎದುರು ನಿಂತರೂ, ತಾನು ಉಳಿಸಿಕೊಂಡೆ ಎಂಬುದು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಮುಂಚೆ ಎದ್ದು ನಿಂತು ಅದನ್ನೇ ಹೇಳಿದ. ನಾಗವೇಣಿ ಎಂಥ ಧೈರ್ಯದ ಹೆಂಗಸು, ಗಂಗೆಯನ್ನೂ ಬೇಡವೆಂದಳು, ನೆಮ್ಮದಿಯಾಗಿ ಮಲಗಲು ಬಿಡಿ ಎಂದಳು, ಅವಳಿಗೆ ಯಾವ ಭಯವೂ ಇರಲಿಲ್ಲ. ಬಂದವರು ತಲೆದೂಗಿದರು. ಕಾರ್ಖಾನೆಯ ಹಳೆಯ ಗೆಳೆಯ ಅಫ್ತಾಬ್ ಕಣ್ಣೊರೆಸಿಕೊಂಡ. ಮಧುರಾ ಅಮ್ಮನ ಫೋಟೊದ ಕೆಳಗೆ 'ಮಲಗಿರಲಿ' ಎಂದು ಬರೆಸಿ ಗೋಡೆಗೆ ಹಾಕಿದಳು. ಮೂವತ್ತು ವರ್ಷ ಜೊತೆಗಿದ್ದವಳನ್ನು, ಅವಳು ಹೋದ ಮೇಲೆ, ಕಿಟ್ಟು ಹೊಸದಾಗಿ ಕಂಡುಕೊಂಡಿದ್ದ. ಹೀಗೆ ಕಂಡುಕೊಂಡ ನಾಗವೇಣಿ ಅವನಿಗೆ ಎಷ್ಟು ಹಿಡಿಸಿದ್ದಳೆಂದರೆ, ನಿಜವಾದ ನಾಗವೇಣಿಗೆ ಸಂಜೆ ದೀಪ ಹಚ್ಚದೆ ಹೊರಗೆ ಕಾಲಿಟ್ಟು ಗೊತ್ತಿರಲಿಲ್ಲ ಎಂಬುದೇ ಮರೆತುಹೋಗಿತ್ತು.

ಉಳಿದದ್ದು ಗಿಡ. ಅವಳು ಮಾಡಿದ್ದರಲ್ಲಿ ಜೀವವಿರುವುದು ಅದೊಂದೇ, ಅದನ್ನು ಉಳಿಸಲೇಬೇಕು, ಶ್ರಾವಣದಲ್ಲಿ ಹೂವು ಅರಳಿಸಲೇಬೇಕು ಎಂದು ಅವನು ಪಣ ತೊಟ್ಟ. ಎಲೆ ಹಳದಿಯಾಗಿ ಬಾಡಿ ಬಿದ್ದಾಗ ಜೀವ ಬಾಯಿಗೆ ಬಂತು. ಅವಳಿಲ್ಲದ ಕೊರಗು ಗಿಡಕ್ಕೂ ತಟ್ಟಿದೆ ಎಂದುಕೊಂಡು ನೀರು ಒಂದು ಲೋಟ ಹೆಚ್ಚು ಮಾಡಿದ. ಫೋನಿನಲ್ಲಿ ಕಾನಬೆಳ್ಳಿ ಎಂದು ಹುಡುಕಿದರೆ ಕಾಲ್ಗೆಜ್ಜೆ, ಕುಂಕುಮದ ಬಟ್ಟಲು, ಬೆಳ್ಳಿ ಅಂಗಡಿಯ ಹಬ್ಬದ ರಿಯಾಯಿತಿ ಬಂದವು. ಒಂದು ತಿಂಗಳು ಅವೇ ಜಾಹೀರಾತುಗಳು ಅವನ ಬೆನ್ನು ಬಿಡಲಿಲ್ಲ.

ಅಫ್ತಾಬ್ ಶಿವಾಜಿನಗರದ ತನ್ನ ಮನೆಯ ಮಾಳಿಗೆಯ ಮೇಲೆ ಗುಲಾಬಿ ಬೆಳೆಸಿದವನು. ಒಂದು ಚೀಲ ಗೊಬ್ಬರ ಹೊತ್ತುಕೊಂಡು ಬಂದು ಕುಂಡ ನೋಡಿ, "ಬೇರು ಇದ್ರೆ ಬಂದೇ ಬರುತ್ತೆ ಮಾರಾಯ. ಪಾನಿ ಮಾತ್ರ ಒಂದು ದಿನಾನೂ ನಾಗಾ ಮಾಡ್ಬೇಡ," ಎಂದ. ಅವನ ಗುಲಾಬಿಯ ಮಟ್ಟಿಗೆ ಆ ಮಾತು ಸರಿಯೇ. ಕಿಟ್ಟು ಚಳಿಗಾಲದಲ್ಲಿ ನೀರು ಹಾಕಿದ, ಬೇಸಿಗೆಯಲ್ಲಿ ಎರಡು ಹೊತ್ತು ಹಾಕಿದ. ಮಗಳ ಮನೆಗೆ ಹೋದರೂ ಅಲ್ಲಿ ರಾತ್ರಿ ಉಳಿಯಲಿಲ್ಲ, ಗಿಡಕ್ಕೆ ನೀರು ತಪ್ಪುತ್ತದೆ ಎಂದು. ಒಂದು ಕೆಲಸವನ್ನು ಪ್ರೀತಿಯಿಂದ ಮಾಡುವುದು ಹೇಗೆ ಎಂದು ಅವನು ಆ ವರ್ಷ ಕಲಿತ. ಅಷ್ಟು ತಡವಾಗಿ ಕಲಿತದ್ದಕ್ಕೆ ಒಮ್ಮೊಮ್ಮೆ ಬಾಲ್ಕನಿಯಲ್ಲೇ ನಿಂತು ಅಳುತ್ತಿದ್ದ.

ಮಳೆ ಶುರುವಾಯಿತು. ಆಷಾಢ ಕಳೆಯಿತು. ಶ್ರಾವಣವೂ ಬಂದು ಹೋಯಿತು. ಕುಂಡದಲ್ಲಿ ಪಾಚಿ ಬಿಟ್ಟರೆ ಇನ್ನೇನೂ ಹಸಿರಾಗಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಜಟ್ಟೆಮ್ಮ ಬಂದಳು. ನಾಗವೇಣಿಯ ಅಣ್ಣನ ಹೆಂಡತಿ. ಮಗಳ ಬಾಣಂತನಕ್ಕೆಂದು ಕೆ.ಆರ್. ಪುರಕ್ಕೆ ಬಂದವಳು, ನಾದಿನಿಯ ಮನೆಗೆ ಒಂದು ಸಲ ಹೋಗದೆ ಊರಿಗೆ ಹೇಗೆ ವಾಪಸಾಗಲಿ ಎಂದು ಅಳಿಯನ ಕೈಯಲ್ಲಿ ಆಟೋ ಮಾಡಿಸಿಕೊಂಡು ಬಂದಿದ್ದಳು. ಫೋಟೊದ ಮುಂದೆ ನಿಂತು ಅತ್ತಳು. ಸಾರಿನ ಹುಳಿಗೆಂದು ತಂದಿದ್ದ ಮುರುಗಲ ಸಿಪ್ಪೆಯ ಪೊಟ್ಟಣವನ್ನು ಅಡುಗೆಮನೆಯಲ್ಲಿಟ್ಟಳು. ಆಮೇಲೆ ಬಾಲ್ಕನಿಗೆ ಹೋದಳು.

"ಇದು ಕಾನಬೆಳ್ಳಿ ಕುಂಡ ಅಲ್ದಾ ಭಾವ?"

"ಹೌದು ಜಟ್ಟೆಮ್ಮಕ್ಕ. ಈ ಸಲ ಎಲೆನೂ ಬರಲಿಲ್ಲ. ಏನ್ ಮಾಡೋದು ಅಂತಾನೇ ತಿಳೀತಿಲ್ಲ."

ಜಟ್ಟೆಮ್ಮ ಬಗ್ಗಿ ಮಣ್ಣಿಗೆ ಬೆರಳಿಟ್ಟಳು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದಳು.

"ಬೇಸಿಗೇಲೂ ನೀರು ಬಿಟ್ರಾ?"

"ಒಂದು ದಿನಾನೂ ತಪ್ಸಿಲ್ಲ."

"ಅಯ್ಯ, ದೀಪಾವಳಿ ಆದ್ಮೇಲೆ ಇದಕ್ಕೆ ನೀರು ಬಿಡೂದಲ್ಲ ಭಾವ. ಎಲೆ ಹಳದಿಯಾಗಿ ಬಿದ್ದೋಗ್ತದೆ, ಗೆಡ್ಡೆ ಒಳಗೇ ಮಲಗ್ತದೆ. ಮಳೆ ಬರೂ ತನ್ಕ ಮಲಗಿರ್ಲಿ ಅಂತ ಸುಮ್ಮನೆ ಬಿಟ್ಬಿಡೂದು. ನೀರು ಬಿಟ್ರೆ ಕೊಳ್ತೋಗ್ತದೆ." ಅವಳು ತಲೆ ಎತ್ತಿದಳು. "ನಾಗವೇಣಿ ನಿಮಗೆ ಹೇಳಿರ್ಲಿಲ್ವಾ?"

ಕಿಟ್ಟು ಬಾಲ್ಕನಿಯ ಕಂಬಿ ಹಿಡಿದುಕೊಂಡ.

"ಹೇಳಿದ್ಲು," ಎಂದ.

ಜಟ್ಟೆಮ್ಮ ಅಡುಗೆಮನೆಯಿಂದ ಚಮಚ ತಂದು ಮಣ್ಣು ಕೆದಕಿದಳು. ಗೆಡ್ಡೆಯಿದ್ದ ಜಾಗದಲ್ಲಿ ಕಂದುಬಣ್ಣದ ಲೋಳೆ ಮಾತ್ರ ಇತ್ತು. ಅವಳು ಅದನ್ನು ಮತ್ತೆ ಮಣ್ಣಿನಿಂದ ಮುಚ್ಚಿ, ಕೈ ತೊಳೆದುಕೊಂಡು, ಹೋಗಲಿ ಬಿಡಿ, ದೇವರ ಕಾಡಿನದ್ದು ದೇವರಿಗೇ ಹೋಯಿತು ಎಂದು ಸಮಾಧಾನ ಹೇಳಿದಳು. ತಾನು ಏನು ಹೇಳಿದೆನೆಂದು ಪಾಪ ಅವಳಿಗೆ ಗೊತ್ತೇ ಇರಲಿಲ್ಲ. ಕಾಫಿ ಕುಡಿದು, ಮಗು ಎದ್ದಿರುತ್ತದೆ ಎಂದು ಹೊರಟುಹೋದಳು.

ಕಿಟ್ಟುವಿನ ಮನೆಯ ಮಾತಿನಲ್ಲಿ ಗಿಡಕ್ಕೆ ನೀರು ಹಾಕುತ್ತಾರೆ. ಬಿಡುವುದು ಸಾಯುವವರ ಬಾಯಿಗೆ, ಇಲ್ಲವೆ ಸತ್ತವರ ಪಿಂಡಕ್ಕೆ. ನಾಗವೇಣಿಯ ಊರಿನ ಮಾತಿನಲ್ಲಿ ಗಿಡಕ್ಕೇ ನೀರು ಬಿಡುತ್ತಾರೆ. ಅವಳು ಆ ಮಾತು ಆಡಿದ ದಿನ ಬೆಳಿಗ್ಗೆ ಮನೆಯಿಂದ ಆಸ್ಪತ್ರೆಗೆ ಬಂದವನು ತಾನೇ ಅವಳ ಕಿವಿಯಲ್ಲಿ ಹೇಳಿದ್ದ, ಈಗ ನೆನಪಾಯಿತು: ನಿನ್ನ ಗಿಡ ಹಳದಿ ತಿರುಗಿದೆ ಕಣೇ, ನೀನು ಬರೋವರೆಗೂ ನಾನು ನೋಡ್ಕೋತೀನಿ. ಅವಳು ಮಂಪರಿನಲ್ಲಿದ್ದಳು, ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದ. ಕೇಳಿಸಿತ್ತು. ಉತ್ತರ ಕೊಡುವಷ್ಟು ಉಸಿರು ಕೂಡಿಸಿಕೊಳ್ಳಲು ಮಧ್ಯಾಹ್ನವಾಯಿತು, ಅಷ್ಟೇ. ಮಲಗಿರ್ಲಿ ಎಂದಿದ್ದಳು, ಮಲಗಿರ್ತೀನಿ ಎಂದಿರಲಿಲ್ಲ. ಇಂಥ ಸಣ್ಣ ವ್ಯತ್ಯಾಸ ಹುಡುಕುವುದಕ್ಕೇ ಜೀವಮಾನವೆಲ್ಲ ಸಂಬಳ ತೆಗೆದುಕೊಂಡವನಿಗೆ ಅದು ಕಾಣದೆ ಹೋಗಿತ್ತು.

ಅವನು ಅಂಗಿ ಬದಲಾಯಿಸಿ ಕೆಳಗಿಳಿದ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಹಲಸೂರಿನಲ್ಲಿ ಇಳಿದು, ಸೋಮೇಶ್ವರನ ಗುಡಿಯ ಹಿಂದಿನ ಗಲ್ಲಿಗೆ ನಡೆದ. ಅಂಬುಜಾ ನಡುಮನೆಯಲ್ಲಿ ಕಾಲು ಚಾಚಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲಲ್ಲಿ ತಮ್ಮನನ್ನು ಕಂಡು ಅವಳ ಮುಖ ಬಿಗಿಯಾಯಿತು.

"ದಾರಿ ತಪ್ಪಿ ಬಂದ್ಯೇನೋ?"

ಅವನು ನೆಲದ ಮೇಲೆ, ಅವಳೆದುರಿಗೇ ಕೂತ. "ಅವತ್ತು ನೀನೇ ಸರಿ ಅಕ್ಕ," ಎಂದು ಶುರು ಮಾಡಿ ಎಲ್ಲ ಹೇಳಿದ. ಜಟ್ಟೆಮ್ಮ ಬಂದದ್ದು, ಕುಂಡದಲ್ಲಿ ಕಂಡದ್ದು, ಆ ಮಾತಿಗೆ ನಿಜವಾದ ಅರ್ಥ. ಅಂಬುಜಾ ಈ ಮಾತನ್ನು ಕೇಳಲು ಒಂದು ವರ್ಷದಿಂದ ಕಾದಿದ್ದಳು. ಕೇಳಿದರೆ ಅವನಿಗೆ ಏನೇನು ಅನ್ನಬೇಕೆಂದು ಯೋಚಿಸಿಯೂ ಇಟ್ಟಿದ್ದಳು. ಈಗ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಹೋಗ್ಲಿ ಬಿಡೋ," ಎಂದಳು. "ಗಂಗೆ ಬಿದ್ರೇನೇ ಸದ್ಗತಿ ಅಂತ ಯಾರು ಕಂಡು ಬಂದಿದಾರೆ? ಅವಳ ಪುಣ್ಯಕ್ಕೆ ಅವಳಿಗೆ ಏನೂ ಕಮ್ಮಿ ಆಗಿರಲ್ಲ."

ಅವಳು ತನ್ನ ಜನ್ಮದಲ್ಲಿ ಹಾಗೆ ನಂಬಿದವಳಲ್ಲ. ತಮ್ಮನಿಗೋಸ್ಕರ ತನ್ನ ನಂಬಿಕೆಯಿಂದ ಅಷ್ಟು ದೂರ ಬಂದಳು.

"ಗಂಗೆ ಮಾತಲ್ಲ ಅಕ್ಕ," ಎಂದ ಕಿಟ್ಟು. "ಅವಳು ಆ ಮಾತು ಹೇಳಿದ್ಮೇಲೆ ನಾನು ಬರೀ ನೀರೂ ಕೊಡ್ಲಿಲ್ಲ. ನರ್ಸ್ ತಂದ್ರೂ ವಾಪಸ್ ಕಳಿಸ್ದೆ. ತುಟಿ ಒಣಗಿತ್ತು. ನೋಡ್ತಾ ಇದ್ದೆ ನಾನು."

"ಬಾಯಾರಿದ್ರೆ ಕೇಳ್ತಿರ್ಲಿಲ್ವೇನೋ ಅವಳು?"

"ಕೇಳಿರ್ಬೇಕು. ಆಮೇಲೂ ತುಟಿ ಅಲುಗ್ತಿತ್ತಲ್ಲ. ಏನು ಅಂದ್ರೂ ನನ್ ಕಿವಿಗೆ ಆ ಒಂದೇ ಮಾತು ಕೇಳಿಸ್ತಿತ್ತು. ಹೂಂ ಕಣೇ, ಬಿಡಲ್ಲ, ಬಿಡಲ್ಲ ಅಂತ ಕೈ ಸವರ್ತಾ ಕೂತಿದ್ದೆ."

ಅಂಬುಜಾ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ತಮ್ಮನ ಹತ್ತಿರ ಬಂದು, ಗೋಡೆಗೆ ಒರಗಿ ಕೂತು, ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅಳಬೇಡ ಎಂದು ಅವಳು ಹೇಳಲಿಲ್ಲ.